ಅತ್ತೆ ಪಳಗಿಸಿದ ಹೈಹೀಲ್ಸ್

ಡ್ಯಾನ್ಸಿಗೆಂದು ಕೊಂಡ ಹೈಹೀಲ್ಸ್ ಸೊಸೆಯ ಕಾಲನ್ನು ಕಚ್ಚುತ್ತಿತ್ತು. ಪ್ರದರ್ಶನಕ್ಕೆ ಹತ್ತೇ ದಿನ ಉಳಿದಿತ್ತು.

“ನಿಮಗಿಂತ ಒಂಚೂರು ದೊಡ್ಡ ಕಾಲಿನೋರು ಒಂದು ವಾರ ಮನೇಲಿ ಹಾಕ್ಕೊಂಡು ಓಡಾಡ್ಲಿ, ಹದಕ್ಕೆ ಬರುತ್ತೆ,” ಎಂದ ಚಪ್ಪಲಿ ರಿಪೇರಿಯವನು. “ಆಮೇಲೆ ತನ್ನಿ, ಬಾಳಿಕೆ ಬರೋ ಹಾಗೆ ಅಡಿಗೆ ರಬ್ಬರ್ ಹಾಕ್ಕೊಡ್ತೀನಿ.”

ಮನೆಯಲ್ಲಿ ಅಂಥ ಕಾಲಿದ್ದದ್ದು ಅತ್ತೆಗೆ ಮಾತ್ರ.

“ಅರವತ್ತೆರಡು ವರ್ಷಕ್ಕೆ ನನಗೆ ಮರಗಾಲು ಕಟ್ತೀಯೇನೇ? ಮೊದಲೇ ಮಂಡಿ ನೋವು!” ಎಂದು ಅತ್ತೆ ರೇಗಿದರು. ಸೊಸೆ ಅಳುಮುಖ ಮಾಡಿದಳು. ಅತ್ತೆ ಗೊಣಗುತ್ತಲೇ ಹೈಹೀಲ್ಸ್ ಮೆಟ್ಟಿ, ಗೋಡೆ ಹಿಡಿದುಕೊಂಡು ಎದ್ದು ನಿಂತರು.

ವಾರವಿಡೀ ಸೊಸೆ ಆಫೀಸಿನಿಂದ ಬರುವ ಹೊತ್ತಿಗೆ ಅತ್ತೆ ಸೋಫಾದ ಮೇಲೆ ಕಾಲು ಚಾಚಿ ನರಳುತ್ತಿರುತ್ತಿದ್ದರು. ಪಕ್ಕದಲ್ಲಿ ರೇಡಿಯೊ ಜೋರಾಗಿ ಹಾಡುತ್ತಿರುತ್ತಿತ್ತು.

“ಬಟ್ಟೆ ಒಣಗಿಹಾಕಿದ್ದು, ಹುಳಿ ಕುದಿಸಿದ್ದು, ಎಲ್ಲಾ ಇದರ ಮೇಲೇ ನಿಂತ್ಕೊಂಡು. ದೇವರ ಕೋಣೆ ಒಂದು ಬಿಟ್ಟೆ. ನಿನ್ನ ಕುಣಿತಕ್ಕೆ ನನ್ನ ಸೊಂಟ ಹೋಯ್ತು ನೋಡು.”

ಎಂಟನೆಯ ದಿನ ಹೈಹೀಲ್ಸ್ ಸೊಸೆಯ ಕಾಲಿಗೆ ಅಳತೆ ತೆಗೆದು ಹೊಲಿದಂತೆ ಕೂತಿತು. ಸಂತೋಷಕ್ಕೆ ಅವಳು ಅತ್ತೆಯನ್ನೂ ಕರೆದುಕೊಂಡೇ ರಿಪೇರಿಯವನ ಬಳಿ ಹೋದಳು.

“ಪಾಪ, ನಮ್ಮತ್ತೆ ಮಂಡಿ ನೋವಲ್ಲೂ ವಾರ ಪೂರ್ತಿ ಇದನ್ನ ಹಾಕ್ಕೊಂಡು ನಡೆದಿದ್ದಾರೆ,” ಎಂದಳು.

ಆತ ಹೈಹೀಲ್ಸ್ ಮಗುಚಿ, ಅಡಿಯ ಮೇಲೆ ಬೆರಳಾಡಿಸಿದ. ಅತ್ತೆ ರಸ್ತೆಯಲ್ಲಿ ಹೋಗುವ ಬಸ್ಸು ನೋಡತೊಡಗಿದರು.

“ನಡೆದ್ರೆ ಹಿಮ್ಮಡಿ ಕಡೆ ಸವೆಯುತ್ತಮ್ಮ. ಇದು ಬೆರಳ ಹತ್ರ ದುಂಡಗೆ ಸವೆದಿದೆ. ಇವರು ನಡೆದಿಲ್ಲ, ಗಿರಗಿರ ತಿರುಗಿ ಕುಣಿದಿದ್ದಾರೆ.”