ಸೋರದ ಇಪ್ಪತ್ತು ಹಲ್ಲು

ನೇಲ್ ಪಾಲಿಶ್ ಶೀಶೆಗೆ ಯಾರೋ ಕೈ ಹಾಕಿದ್ದರು. ನಿನ್ನೆ ಕುತ್ತಿಗೆಯವರೆಗಿದ್ದದ್ದು ಇವತ್ತು ಅರ್ಧಕ್ಕಿಳಿದಿತ್ತು. ಕಿರಿಯ ದಂತವೈದ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿಯೂ ನೋಡಿದ.

"ನನ್ನದು ಖಾಲಿಯಾಗಿತ್ತು ಮಾರಾಯ. ನಿನ್ನದರಲ್ಲೇ ಸ್ವಲ್ಪ ತಗೊಂಡೆ" ಎಂದ ಎದುರು ಮೇಜಿನ ಸಹೋದ್ಯೋಗಿ, ನಗುತ್ತಾ. ಸದಾ ಹಲ್ಲು ಕಿರಿಯುವ ಅವನಿಗೆ ಕಾಲೇಜಿನಲ್ಲಿ ನಗುಮುಖ ಎಂದೇ ಹೆಸರು.

ವೈದ್ಯನಿಗೆ ಆ ನಗು ಕಂಡರೇ ಮೈಯುರಿ. ಯಾಕೆ ಉರಿಯಬಾರದು? ಖಾಯಂ ಹುದ್ದೆ ಇದ್ದದ್ದು ಒಂದೇ, ಅದಕ್ಕೆ ಬಾಯಿ ಬಿಟ್ಟುಕೊಂಡು ಕೂತವರು ಇಬ್ಬರು. ಫಿಲ್ಲಿಂಗನ್ನು ಹಲ್ಲಿಗೆ ಹಿಡಿದಿಡುವ ಅಂಟನ್ನು ಇಬ್ಬರೂ ತಮ್ಮ ತಮ್ಮ ಬುದ್ಧಿಯಂತೆ ಮಾರ್ಪಡಿಸಿದ್ದರು. ಯಾರ ಅಂಟು ಕಡಿಮೆ ಸೋರುತ್ತದೋ ಹುದ್ದೆ ಅವರಿಗೆ, ಇನ್ನೊಬ್ಬರು ಜಾಗ ಖಾಲಿ ಮಾಡಬೇಕು ಎಂದು ವಿಭಾಗದ ಮುಖ್ಯಸ್ಥೆ ಕಡ್ಡಿ ಮುರಿದಂತೆ ಹೇಳಿದ್ದರು.

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಕಿತ್ತ ಹಲ್ಲುಗಳು ತಲಾ ಇಪ್ಪತ್ತು. ತೂತು ಕೊರೆದು, ಅಂಟು ಹಚ್ಚಿ, ಫಿಲ್ಲಿಂಗ್ ತುಂಬಬೇಕು. ಆಮೇಲೆ ನೀರು ಬೇರೆಲ್ಲೂ ಒಳಗಿಳಿಯದಂತೆ ಹಲ್ಲಿಗೆಲ್ಲ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಬೇಕು, ಫಿಲ್ಲಿಂಗನ್ನೂ ಅದರ ಸುತ್ತ ಒಂದು ಸಣ್ಣ ಅಂಚನ್ನೂ ಮಾತ್ರ ಬಿಟ್ಟು. ಒಣಗಿದ ಹಲ್ಲುಗಳನ್ನು ನೀಲಿ ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟು, ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಅಂಟು ಕೈಕೊಟ್ಟ ಕಡೆ ಆ ಅಂಚಿನಿಂದ ನೀಲಿ ಒಳಗಿಳಿದಿರುತ್ತದೆ. ತೊಟ್ಟೂ ಇಳಿಯದಿದ್ದರೆ ಸೊನ್ನೆ ಅಂಕ, ಆಳಕ್ಕಿಳಿದಷ್ಟೂ ಅಂಕ ಹೆಚ್ಚು. ಇಲ್ಲಿ ಸೊನ್ನೆ ತೆಗೆದವನೇ ಜಾಣ.

ಸಂಜೆಗೆ ಇಬ್ಬರೂ ಬಳಿದು ಮುಗಿಸಿದರು. ವೈದ್ಯ ತನ್ನ ಇಪ್ಪತ್ತು ಹಲ್ಲು ಜೋಡಿಸಿದ ತಟ್ಟೆಯನ್ನೂ ಶೀಶೆಯನ್ನೂ ಡಬ್ಬಿಗೆ ಹಾಕಿ ಎತ್ತಿಕೊಂಡ.

"ಮನೆಗ್ಯಾಕೆ? ಇಲ್ಲೇ ಒಣಗಲಿ ಬಿಡು. ಇಲ್ಲಿ ಯಾರೂ ಮುಟ್ಟಲ್ಲ" ಎಂದ ನಗುಮುಖ.

"ಯಾರೂ ಮುಟ್ಟಬಾರದು ಅಂತಲೇ ತಗೊಂಡು ಹೋಗ್ತಿರೋದು" ಎಂದು ವೈದ್ಯ ಹೊರಟೇಬಿಟ್ಟ.

ಮನೆಯಲ್ಲಿದ್ದವಳು ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮ. ಇಸ್ತ್ರಿಯಾಗಿ ಬಂದ ಅಂಗಿಗೆ ಮತ್ತೊಮ್ಮೆ ಇಸ್ತ್ರಿ ಹಾಕಿದರೇ ಆಕೆಗೆ ಸಮಾಧಾನ.

"ಥೂ! ಊಟದ ಮೇಜಿನ ಮೇಲೆ ಯಾರ್ದೋ ಹಲ್ಲು!"

"ಬೆಳಿಗ್ಗೆವರೆಗೆ ಇರ್ಲಿ ದೊಡ್ಡಮ್ಮ. ನನ್ನ ಹಣೆಬರಹ ಇದರ ಮೇಲೇ ನಿಂತಿದೆ."

ದೊಡ್ಡಮ್ಮನ ಮುಖ ಮೆತ್ತಗಾಯಿತು. ಕನ್ನಡಕ ಏರಿಸಿಕೊಂಡು ತಟ್ಟೆಯತ್ತ ಬಗ್ಗಿದಳು. "ನೀನು ಉಂಡು ಮಲಕ್ಕೋ ಮಗಾ. ನಾನಿದೀನಲ್ಲ."

ಎಷ್ಟೋ ದಿನದ ಮೇಲೆ ಅವನಿಗೆ ಕಣ್ತುಂಬ ನಿದ್ದೆ ಬಂತು.

ಬೆಳಿಗ್ಗೆ ಇಬ್ಬರ ಹಲ್ಲುಗಳೂ ನೀಲಿ ನೀರಿಗೆ ಬಿದ್ದವು. ಮರುದಿನ ಸೀಳಿದ ಚೂರುಗಳು ಯಾವುದು ಯಾರದೆಂದು ಗೊತ್ತಿಲ್ಲದ ಹಿರಿಯ ಮೇಷ್ಟರೊಬ್ಬರ ಮುಂದೆ ಹೋದವು. ನಗುಮುಖನಿಗೆ ಒಂದು, ಎರಡು, ಅಲ್ಲೊಂದು ಇಲ್ಲೊಂದು ಸೊನ್ನೆ. ಆ ಅಂಟೂ ತೆಗೆದುಹಾಕುವಂತಿರಲಿಲ್ಲ. ವೈದ್ಯನಿಗೆ ಇಪ್ಪತ್ತಕ್ಕೆ ಇಪ್ಪತ್ತೂ ಸೊನ್ನೆ.

"ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ ಕಣಯ್ಯಾ!" ಎಂದರು ಮುಖ್ಯಸ್ಥೆ.

"ಎಲ್ಲೋ ಒಂದಾದ್ರೂ ಸೋರಬೇಕಿತ್ತಲ್ಲ..." ನಗುಮುಖ ಗೊಣಗಿದ. ಮೊದಲ ಸಲ ಅವನ ಮುಖದಲ್ಲಿ ನಗುವಿರಲಿಲ್ಲ. ಹೊಟ್ಟೆಕಿಚ್ಚು, ಇನ್ನೇನು, ಎಂದುಕೊಂಡ ವೈದ್ಯ.

ಮಧ್ಯಾಹ್ನದ ಹೊತ್ತಿಗೆ ಆದೇಶಕ್ಕೆ ಸಹಿ ಬಿತ್ತು. ಮೂರು ಗಂಟೆಗೆ ನಗುಮುಖ ತನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ, ವೈದ್ಯನ ಕೈ ಕುಲುಕಿ, "ನಿನ್ನನ್ನ ಅನುಮಾನಿಸಿದೆ, ತಪ್ಪಾಯ್ತು" ಎಂದು ಹೇಳಿ ಹೋದ. ವೈದ್ಯನಿಗೂ ಒಂದು ಕ್ಷಣ ಪಿಚ್ಚೆನಿಸಿತು. ಆದರೆ ನ್ಯಾಯ ನ್ಯಾಯವೇ ತಾನೆ?

ಅವನು ಒಂದೇ ಉಸಿರಿಗೆ ಮನೆಗೆ ಓಡಿದ. "ಖಾಯಂ ಆಯ್ತು ದೊಡ್ಡಮ್ಮಾ! ಒಂದು ಹಲ್ಲೂ ಸೋರಲಿಲ್ಲ!"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಗೆ ಸೋರುತ್ತೆ ಹೇಳು! ಅವಸರದಲ್ಲಿ ನೀನು ಒಂದೊಂದು ಹಲ್ಲಲ್ಲೂ ನಟ್ಟನಡುವೆನೇ ಹಚ್ಚದೆ ಬಿಟ್ಟುಬಿಟ್ಟಿದ್ದೆ. ನಾನೇ ಕೂತು ಇಪ್ಪತ್ತಕ್ಕೂ ನೀಟಾಗಿ ಬಳಿದೆ."