ಕೆಂಗೇರಿಯಿಂದ ಹೊರಟ ಪ್ರೋಗ್ರಾಂ

ಸುಘೋಷ್ ಫ್ಲಾಪಿಯನ್ನು ಒಳಗೆ ತಳ್ಳಿದ. ಲ್ಯಾಬಿನ ಕರೆಂಟು ಹೋಯಿತು. ಯುಪಿಎಸ್ ಒಂದೆರಡು ಸಲ ಕಿರುಚಿ ತಾನೂ ಕಣ್ಣು ಮುಚ್ಚಿತು.

"ಇವತ್ತೇ ಕೊನೇ ದಿನ ಕಣ್ರೋ," ಎಂದು ಪ್ರಾಜೆಕ್ಟ್ ಗೈಡ್ ಜಲಜಾ ಮೇಡಂ ಬ್ಯಾಗನ್ನು ಹೆಗಲಿಗೇರಿಸಿದರು. "ಪ್ರೋಗ್ರಾಂ ನೋಡದೆ ನಾನು ಸಹಿ ಹಾಕಲ್ಲ. ಸಹಿ ಇಲ್ದಿದ್ರೆ ನಿಮ್ಮಿಬ್ರಿಗೂ ಪರೀಕ್ಷೆ ಇಲ್ಲ. ವಾರವಾರ ಬಂದು ಬರೀ ವರದಿ ಓದಿದ್ದೇ ಆಯ್ತು."

ಅದು ನಿಜ. ಆ ವಾರ ಕಲಿತದ್ದನ್ನೂ ಹೊಳೆದದ್ದನ್ನೂ ಪ್ರತಿ ಶನಿವಾರ ಮೇಡಂ ಎದುರು ಓದಬೇಕಿತ್ತು. ಒಂದು ವಾರ ಆಸ್ಪತ್ರೆ ನಡೆಸುವ ಸಾಫ್ಟ್‌ವೇರ್ ಹೊಳೆದಿತ್ತು, ಇನ್ನೊಂದು ವಾರ ಹಾಸ್ಟೆಲ್ ಸಾಂಬಾರಿನಲ್ಲಿ ಬೇಳೆ ಪತ್ತೆ ಮಾಡುವುದು. ಕೊನೆಗೆ ಉಳಿದದ್ದು ಬಸ್ಸಿನದು: ಕೆಂಗೇರಿಯಿಂದ ಬಸವೇಶ್ವರನಗರಕ್ಕೆ ಯಾವ ಯಾವ ಸ್ಟಾಪಿನ ಮೇಲೆ ಹೋಗಬೇಕೆಂದು ಹೇಳುವ ಪ್ರೋಗ್ರಾಂ. 'ಗ್ರಾಫ್ ಥಿಯರಿ ಕ್ಲಾಸಿನಲ್ಲಿ ಅರ್ಥವಾಗಲಿಲ್ಲ, ಬಸ್ಸಿನಲ್ಲಿ ನಿಂತಾಗ ಅರ್ಥವಾಯಿತು' ಎಂದು ಸುಘೋಷನ ಜೊತೆಗಾರ ಶ್ರೀಶೈಲ ಆ ವಾರದ ವರದಿಯಲ್ಲಿ ಬರೆದಿದ್ದ.

ಈಗ ಮೇಡಂ ದಾರಿಗೆ ಅಡ್ಡ ನಿಂತವನೂ ಅವನೇ. "ಪ್ರಿಂಟ್ ಐತ್ರಿ ಮೇಡಂ. ಇವ ಓದ್ತಾನ, ನಾ ಅರ್ಥಾ ಹೇಳ್ತೀನ್ರಿ. ಕಂಪ್ಯೂಟರ್ ಮಾಡೂದೂ ಅಷ್ಟ ಅಲ್ಲೇನ್ರಿ?"

ಸುಘೋಷನ ಮನೆಯಲ್ಲಿ ಸಂಜೆಯಾದರೆ ಗಮಕ. ತಾತ ಕಾವ್ಯವನ್ನು ರಾಗವಾಗಿ ಓದಿದರೆ ಅಪ್ಪ ಅರ್ಥ ಹೇಳಬೇಕು. ಓದು ಎಂದರೆ ಅವನಿಗೆ ಬರುವುದು ಅದೊಂದೇ ಬಗೆ. ಉದ್ದನೆಯ ಕಾಗದ ಬಿಡಿಸಿ, ಕಿವಿಗೆ ಕೈಯಿಟ್ಟು, ಮೋಹನ ರಾಗದಲ್ಲಿ ಎತ್ತಿಕೊಂಡ: "ಹ್ಯಾಶ್ ಇನ್‌ಕ್ಲೂ... ಊ... ಡ್..."

"ಮೊದಲಿಗೆ ದೇವತಾಸ್ತುತಿ," ಎಂದ ಶ್ರೀಶೈಲ ಗಂಭೀರವಾಗಿ. "ತನ್ನಿಂದ ಏನೂ ಆಗದು, ಲೈಬ್ರರಿ ಫೈಲುಗಳೇ ಕಾಪಾಡಬೇಕು ಎನ್ನುತ್ತಾನೆ."

"ಏಯ್, ಹಾಡ್ತಾ ಇದೀಯೇನೋ?"

"ಇಲ್ಲ ಮೇಡಂ," ಎಂದ ಸುಘೋಷ್. "ರನ್ ಮಾಡ್ತಾ ಇದೀನಿ."

ಬಸ್ಸು ಕೆಂಗೇರಿ ಬಿಟ್ಟಿತು. ದೀಪಾಂಜಲಿ ನಗರ ಬಂತು, ವಿಜಯನಗರ ಬಂತು. ಮುಂದೆ ಗೋವಿಂದರಾಜನಗರ ಬರಬೇಕು. ಮತ್ತೆ ದೀಪಾಂಜಲಿ ನಗರವೇ ಬಂತು. ಮತ್ತೆ ವಿಜಯನಗರ, ಮತ್ತೆ ದೀಪಾಂಜಲಿ ನಗರ. 'ಪಕ್ಕದ ಸ್ಟಾಪಿಗೆ ಹೋಗು' ಎಂದಷ್ಟೇ ಕಾಗದದಲ್ಲಿತ್ತು. ದಾಟಿ ಬಂದ ಸ್ಟಾಪೂ ಪಕ್ಕದ್ದೇ ತಾನೆ? ಓದುವವನು ಬರೆದದ್ದನ್ನು ಮೀರುವಂತಿಲ್ಲ. ಸುಘೋಷನ ರಾಗ ಮೆಲ್ಲನೆ ನಾದನಾಮಕ್ರಿಯೆಗೆ ಇಳಿದು ಅಳತೊಡಗಿತು.

ಶ್ರೀಶೈಲ ಇದಕ್ಕೂ ಅರ್ಥ ಹೇಳಲೇಬೇಕಾಯಿತು. "ಇದು... ವಿರಹ ಮೇಡಂ. ದೀಪಾಂಜಲಿ ನಗರವನ್ನು ಅಗಲಲಾರದೆ ಪ್ರಯಾಣಿಕನು ತಿರುತಿರುಗಿ ಬರುತ್ತಿದ್ದಾನೆ."

"ವಿರಹ ಅಂತೆ ವಿರಹ! ನಾನು ಬಸವೇಶ್ವರನಗರದವಳು ಕಣೋ. ಈ ಬಸ್ ಹತ್ತಿದ್ರೆ ಈ ಜನ್ಮದಲ್ಲಿ ಮನೆ ಸೇರ್ತೀನಾ? ಮೊದ್ಲು ಅವನನ್ನ ನಿಲ್ಸು!"

"ನಿಲ್ಲೂದು ಬರ್ದಿಲ್ರಿ ಮೇಡಂ."

ಮೇಡಂ ಕಾಗದವನ್ನೇ ಕಿತ್ತುಕೊಂಡರು. ಸುಘೋಷ್ 'ಆ' ಎಂದು ಬಾಯಿ ತೆರೆದು ನಿಂತ. "ಹೋಗಿಬಂದ ಸ್ಟಾಪಿಗೆ ಗುರುತು ಹಾಕ್ಬೇಕು, ಮತ್ತೆ ಅಲ್ಲಿಗೆ ಹೋಗಬಾರದು. ಅಷ್ಟೂ ಹೊಳೀಲಿಲ್ವಾ? ಹಾಕು ಪೆನ್ಸಿಲ್ಲಲ್ಲಿ." ಶ್ರೀಶೈಲ ಸಾಲು ಸೇರಿಸಿದ. ಮೇಡಂ ಬ್ಯಾಗನ್ನು ಮೇಜಿನ ಮೇಲಿಟ್ಟು ಕೂತರು. "ಹೂಂ, ಮೊದಲಿಂದ. ಆ ಸ್ತುತಿ ಬಿಡಬೇಡ."

ಈ ಸಲ ವಿಜಯನಗರ ದಾಟಿ ಬಸ್ಸು ಮುಂದಕ್ಕೆ ಹೋಯಿತು. ಅಟೆಂಡರ್ ಬೈರಯ್ಯ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿದ್ದರು. ಮೇಡಂ ಕಣ್ಣು ಮುಚ್ಚಿದ್ದರು. ಬೆರಳು ಕುರ್ಚಿಯ ಕೈಮೇಲೆ ತಾಳ ಹಾಕುತ್ತಿತ್ತು. ಗೋವಿಂದರಾಜನಗರ ಬಂದು, ದನಿ ಮೇಲಕ್ಕೇರುತ್ತಿದ್ದಂತೆ ಫ್ಯಾನುಗಳು ಗಿರ್ರೆಂದವು. ಲ್ಯಾಬಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೀಂಯ್‌ಗುಟ್ಟಿದವು.

"ಕರೆಂಟ್ ಬಂತ್ರೀ ಮೇಡಂ! ಈಗ ಸ್ಕ್ರೀನಿನ ಮ್ಯಾಲ ತೋರಸ್ತೀವ್ರಿ!"

ಮೇಡಂ ಕಣ್ಣು ತೆರೆದು, ವರದಿಯನ್ನೆಳೆದು ಸಹಿ ಹಾಕಿ, ಮತ್ತೆ ಕಣ್ಣು ಮುಚ್ಚಿಕೊಂಡರು.

"ಬೈರಯ್ಯ, ಆ ಮೇನ್ ಸ್ವಿಚ್ ಸ್ವಲ್ಪ ಆಫ್ ಮಾಡಿ. ಇನ್ನೊಂದು ಸ್ಟಾಪ್ ಇದೆ."