ಮೊದಲು ಯಾರಿಗೆ?

ಬಸಿರು ಪರೀಕ್ಷೆಯ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಿದ್ದೇ ತಡ, ನರ್ಸ್ ಅದನ್ನು ಹಿಡಿದುಕೊಂಡು ಸೀದಾ ಬಾಗಿಲ ಕಡೆ ನಡೆದಳು. ಪರೀಕ್ಷೆಗೆ ಬಂದವಳು ಕುರ್ಚಿಯಲ್ಲೇ ಕೂತಿದ್ದಳು. ಅವಳಿಗೆ ಕಣ್ಣು ಕಾಣುವುದಿಲ್ಲ. ತಾಯಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಕಾಣದವರ ಸುದ್ದಿಯನ್ನು ಕಾಣುವವರ ಕಿವಿಗೆ ಹಾಕುವುದು ಆ ಕ್ಲಿನಿಕ್ಕಿನ ವಾಡಿಕೆ.

ಚಪ್ಪಲಿಯ ಸದ್ದು ತನ್ನನ್ನು ದಾಟುವಷ್ಟರಲ್ಲಿ ಅವಳು ಎದ್ದು, ಬಿಳಿ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಳು.

"ಎಲ್ಲಿಗೆ ಸಿಸ್ಟರ್?"

"ಅಮ್ಮನ್ನ ಕರೀತೀನಿ. ಅವರಾದ್ರೆ ನಿಮಗೆ ನಿಧಾನವಾಗಿ ತಿಳಿಸಿ ಹೇಳ್ತಾರೆ."

"ಹೋದ ಸಲಾನೂ ಹಾಗೇ ಆಗಿದ್ದು. ತಿಳಿಸಿ ಹೇಳೋಕೆ ಅವರು ಎರಡು ತಿಂಗಳು ತಗೊಂಡ್ರು."

ಸುತ್ತಿ ಬಳಸದೆ ಅವಳು ಎಲ್ಲವನ್ನೂ ಹೇಳಿದಳು. ಹೋದ ವರ್ಷ ಬೇರೊಂದು ಆಸ್ಪತ್ರೆಯಲ್ಲಿ ತಾಯಿಯೂ ಡಾಕ್ಟರೂ ಹೊರಗೆ ಗುಸುಗುಸು ಮಾತಾಡಿ ಬಂದು, ಹೊಟ್ಟೆ ಕೆಟ್ಟಿದೆಯೆಂದು ಮಾತ್ರೆ ನುಂಗಿಸಿದ್ದರು. ತಾನು ಬಸಿರಾಗಿದ್ದೆ ಎಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ಬಸಿರೇ ಇರಲಿಲ್ಲ. "ನೀನು ಹೇಗೆ ಸಾಕ್ತೀಯೋ ಅಂತ ನನಗೇ ಸಂಕಟ ಆಯ್ತು ಕಣೇ" ಎಂದು ತಾಯಿ ಅತ್ತಿದ್ದಳು. ಮಗಳಿಗೆ ಮೈಯೆಲ್ಲ ಉರಿದುಹೋಗಿತ್ತು. ಆ ಉರಿ ಇನ್ನೂ ಆರಿರಲಿಲ್ಲ.

"ಆದ್ರೂ ಸ್ವಲ್ಪ ಯೋಚನೆ ಮಾಡಿ," ನರ್ಸ್ ರಾಗ ಎಳೆದಳು. "ನಿಮ್ಮ ಯಜಮಾನರಿಗೂ ಕಾಣಲ್ವಂತೆ..."

"ನಾವಿಬ್ಬರೂ ಸೇರಿ ವಾರಕ್ಕೆ ಆರು ಕುರ್ಚಿಗೆ ಬೆತ್ತ ಹೆಣೀತೀವಿ. ಮದುವೆಯಾಗಿ ಮೂರು ವರ್ಷ ಆಯ್ತು, ಕತ್ತಲಲ್ಲಿ ಒಂದು ದಿನಾನೂ ದಾರಿ ತಪ್ಪಿಲ್ಲ. ಹೊಟ್ಟೆ ನನ್ನದು ಸಿಸ್ಟರ್, ಮೊದಲು ನನಗೆ ಹೇಳಿ."

ನರ್ಸಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, "ಎರಡು ಗೆರೆ ಬಂದಿದೆ. ಬಸಿರಾಗಿದ್ದೀರಿ" ಎಂದಳು.

ಖುಷಿಗೆ ಅವಳಿಗೆ ನಂಬಿಕೆಯೇ ಬರಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡಳು.

"ಮಗು ಬೇಕು ನಮಗೆ. ಹಾಗಂತ ಚೀಟೀಲಿ ಬರೀರಿ" ಎಂದಳು. ನರ್ಸ್ ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಕೋಲು ತೆಗೆದಳು.

ಬಾಗಿಲು ತೆರೆಯುತ್ತಲೇ ತಾಯಿ ದಡಬಡ ಎದ್ದು, ಮಗಳನ್ನು ದಾಟಿ ನರ್ಸಿನ ಮುಂದೆ ನಿಂತಳು.

"ಏನಾಯ್ತು ಸಿಸ್ಟರ್?"

ಹೇಳಲೆಂದು ಬಾಯಿ ತೆರೆದ ನರ್ಸ್ ಹಾಗೇ ತಡೆದುಕೊಂಡು ಮಗಳ ಕಡೆ ಕೈ ತೋರಿಸಿದಳು.

"ಅವರನ್ನೇ ಕೇಳಿ" ಎಂದಳು.